ಗಂಡುಮರವನ್ನು ಎಣಿಸಲಿಲ್ಲ

ಬಗ್ದಾದ್, ಕರ್ರಾದಾ
೬ ಮಾರ್ಚ್ ೨೦೧೯

ಪ್ರಿಯ ವಿಸಾಮ್,

ಬಸ್ರಾದಿಂದ ಅಬೂ ಸಜ್ಜಾದನ ಬಾಡಿಗೆ ಕಾರು ನಿನ್ನೆ ಸಂಜೆ ಬಾಗಿಲಿಗೆ ಬಂತು. ನಿನ್ನ ತಾಯಿ ಹಳೆಯ ತಲೆವಸ್ತ್ರದ ತುಂಡಿನಲ್ಲಿ ಕಟ್ಟಿ ಕಳಿಸಿದ ಖರ್ಜೂರದ ಪರಾಗವನ್ನು ಆತ ಹಸುಗೂಸನ್ನು ಒಪ್ಪಿಸುವ ಹಾಗೆ ಎರಡೂ ಕೈಗಳಿಂದ ಒಪ್ಪಿಸಿದ. “ಉಸ್ತಾದ್, ತಪಾಸಣೆ ಕಟ್ಟೇಲಿ ಸಿಪಾಯಿ ಇದನ್ನ ಬಿಚ್ಚಿ ಮೂಸಿದ. ಸೀನಿ ಸೀನಿ ಸಾಕಾಯ್ತು ಅವನಿಗೆ. ಇದೇನೋ ಮಾರಾಯ ಅಂದ. ಗಂಡುಮರದ ಪುಡಿ ಕಣಪ್ಪ, ಬಗ್ದಾದಲ್ಲಿ ಹೆಣ್ಣು ಕಾಯ್ತಾ ಕೂತಿದೆ, ಮದುವೆ ತಡ ಮಾಡ್ಬೇಡ ಅಂದೆ. ಬಿಟ್ಟುಬಿಟ್ಟ!” ಎಂದು ನಕ್ಕ. ಇಂದು ಬೆಳಿಗ್ಗೆ ಅಂಗಳದ ಮರದ ಹೂಗೊನೆಗಳಿಗೆ ಪುಡಿ ಹಾಕಿದೆ. ನನ್ನ ಬರ್ಹಿ ಜಾತಿಯ ಖರ್ಜೂರದ ಮರ ಇನ್ನೂ ಗಿಡ್ಡ. ಹತ್ತಲು ನಿನ್ನ ತಂದೆಯ ನಡುಪಟ್ಟಿ ಬೇಡ, ಅಡುಗೆಮನೆಯ ಸ್ಟೂಲೇ ಸಾಕು.

ಫೋನಿನಲ್ಲಿ ನೀನು ಕಳಿಸುವ ಸಂದೇಶಗಳಲ್ಲಿ ವಾಕ್ಯಗಳು ಮುಗಿಯುವುದೇ ಇಲ್ಲ. ಆದ್ದರಿಂದ ಕಾಗದದಲ್ಲಿ ಬರೆ, ಅಬೂ ಸಜ್ಜಾದ್ ತರುತ್ತಾನೆ. ಬಸ್ರಾದ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಹೇಳುತ್ತಿದ್ದ ದಿನಗಳು ನೆನಪಾಗುತ್ತವೆ. ಪರಾಗ ಬೀಳದ ಖರ್ಜೂರದ ಮರ ಬರಿದಾಗಿ ನಿಲ್ಲುವುದಿಲ್ಲ, ಬೀಜವಿಲ್ಲದ ಪೀಚುಕಾಯಿಗಳನ್ನು ಗೊನೆಗೊನೆಯಾಗಿ ಹೊರುತ್ತದೆ. ದೂರದಿಂದ ಸಮೃದ್ಧಿ, ಬಾಯಿಗಿಟ್ಟರೆ ನಾರು. ತೈಲವೊಂದನ್ನೇ ನೆಚ್ಚಿದ ರಾಜ್ಯವೂ ಹಾಗೆಯೇ ಎಂದು ನಾನು ಹೇಳಿದಾಗ ತರಗತಿಯಲ್ಲಿ ಬರೆದುಕೊಳ್ಳದೆ ಕುಳಿತವನು ನೀನೊಬ್ಬನೇ. ಕಾರಣ ಕೇಳಿದರೆ, “ನಮ್ಮ ತೋಟದ್ದೇ ಮಾತು ಉಸ್ತಾದ್, ಬರ್ಕೊಳ್ಳೋದೇನಿದೆ?” ಎಂದಿದ್ದೆ. ಅಂದೇ ನೀನು ನನಗೆ ಮಗನಾದೆ.

ಈಗ ಒಳ್ಳೆಯ ಸುದ್ದಿ. ಅಬುಲ್ ಖಸೀಬಿನಲ್ಲಿ, ನಿಮ್ಮ ಕಾಲುವೆಯ ದಂಡೆಗೇ, ತೈಲ ಸಂಗ್ರಹದ ತೊಟ್ಟಿಗಳು ಬರಲಿವೆ. ತೋಟ ಬಿಟ್ಟುಕೊಡುವ ಪ್ರತಿ ಮನೆಗೂ ಮರಗಳ ಪರಿಹಾರದ ಜೊತೆಗೆ ಒಂದು ಖಾಯಂ ಸರ್ಕಾರಿ ನೇಮಕ ಎಂಬ ಅಂಶವನ್ನು ನಾನೀಗ ಇರುವ ಸರ್ಕಾರದ ಆರ್ಥಿಕ ಸಲಹಾ ಸಮಿತಿಯ ಕರಡಿಗೆ ಸೇರಿಸಿದವನು ನಾನು. ಬರೆಯುವಾಗ ನನ್ನ ಕಣ್ಣೆದುರು ಇದ್ದದ್ದು ನಿನ್ನ ಮುಖ. ಪದವಿ ಮುಗಿಸಿ ಇಷ್ಟು ವರ್ಷ ನೀನು ಕಾದದ್ದು ಸಾಕು. ನಿನ್ನಂಥವರು ಒಳಗೆ ಸೇರಿದರೆ ವ್ಯವಸ್ಥೆ ಒಳಗಿನಿಂದಲೇ ಬದಲಾಗುತ್ತದೆ ಎಂಬುದು ನನ್ನ ದೃಢ ನಂಬಿಕೆ.

ನಿನ್ನ,
ನಾಜಿ

*

ಅಬುಲ್ ಖಸೀಬ್
೨೪ ಮಾರ್ಚ್ ೨೦೧೯

ಮಾನ್ಯ ಉಸ್ತಾದ್,

ನಿಮ್ಮ ಪತ್ರಕ್ಕಿಂತ ಮೊದಲೇ ಅಳತೆಯವರು ಬಂದರು. ಕೆಂಪು ಬಣ್ಣದ ಡಬ್ಬಿ ಹಿಡಿದು ಮರಮರಕ್ಕೂ ಸಂಖ್ಯೆ ಬಳಿದರು. ಅಪ್ಪ ಆಗ ಮರದ ಮೇಲಿದ್ದರು. ಪರಾಗದ ಕಾಲ, ಇಳಿಯಲು ಪುರುಸೊತ್ತಿಲ್ಲ. ಮೇಲಿನಿಂದಲೇ ನೋಡುತ್ತಿದ್ದವರು, ಕಾಲುವೆಯ ತಿರುವಿನ ಗಂಡುಮರವನ್ನು ಅವರು ದಾಟಿ ಹೋದಾಗ ಕೂಗಿದರು.

“ಅಯ್ಯಾ, ಅದನ್ನ ಬಿಟ್ರಲ್ಲ?”

“ಹಣ್ಣು ಬಿಡುತ್ತಾ ಹಾಜಿ?”

“ಗಂಡು ಕಣಯ್ಯಾ, ಅದ್ಹೆಂಗೆ ಬಿಡುತ್ತೆ?”

“ಹಂಗಾದ್ರೆ ಪಟ್ಟಿಗೆ ಬರಲ್ಲ. ಫಲ ಕೊಡೋ ಮರಕ್ಕೆ ಮಾತ್ರ ನಂಬರು. ನಿಯಮ.”

“ನಿಮ್ಮಪ್ಪನ್ನೂ ಹಿಂಗೇ ಪಟ್ಟಿಯಿಂದ ಬಿಟ್ಟಿದ್ರೇನೋ!”

ಅಳತೆಯವನೂ ನಕ್ಕ. ಆದರೆ ಅಪ್ಪ ಇಳಿದು ಬಂದಾಗ ಅವರ ಮುಖದಲ್ಲಿ ನಗೆ ಇರಲಿಲ್ಲ. “ಯಾವ ಮರದಿಂದ ಹಣ್ಣಾಗುತ್ತೆ ಅಂತ್ಲೇ ಗೊತ್ತಿಲ್ದೋರು ನಮ್ಮ ತೋಟಕ್ಕೆ ಬೆಲೆ ಕಟ್ತಾವ್ರೆ. ನಾನು ಸಹಿ ಹಾಕಲ್ಲ,” ಎಂದರು.

ಉಸ್ತಾದ್, ಇನ್ನೊಂದು ವಿಷಯ. ನಮ್ಮ ಕಾಲುವೆಯ ಆಚೆ ದಂಡೆಯ ಹಾಜಿ ಲಫ್ತಾ ನಿಮಗೆ ನೆನಪಿರಬಹುದು. ಅವರ ಮಗಳು ರುವೈದಾಳನ್ನು ಕೇಳಲು ಹಿರಿಯರೊಂದಿಗೆ ಹೋಗಿದ್ದೆವು. ಚಹಾ ಕೊಟ್ಟರು, ಗೌರವ ಕೊಟ್ಟರು. ಆಮೇಲೆ ಹಾಜಿ ಲೋಟ ಕೆಳಗಿಟ್ಟು, “ಹುಡುಗ ಬಂಗಾರ, ನಂಗೊತ್ತು. ನೇಮಕ ಇದೆಯಾ?” ಎಂದರು. ತೋಟವಿದೆ ಎಂದರು ನಮ್ಮ ಕಡೆಯವರು. “ತೋಟ ಎಲ್ರಿಗೂ ಇದೆ ಮಾರಾಯ್ರಾ. ಹೋದ ವರ್ಷ ನದೀಲಿ ಸಮುದ್ರದ ಉಪ್ಪು ಬಂದು ಏನಾಯ್ತು, ನೋಡಿದ್ರಲ್ಲ? ಸರ್ಕಾರದ ಸಂಬಳಕ್ಕೆ ಉಪ್ಪು ಹತ್ತಲ್ಲ.” ಒಳಕೋಣೆಯಲ್ಲಿ ಯಾರೋ ಹುಡುಗಿಯರು ಕಿಸಕ್ಕೆಂದು ನಕ್ಕರು. ರುವೈದಾ ನಗಲಿಲ್ಲವೆಂದು ನಂಬಿದ್ದೇನೆ.

ನೀವು ಒಂದೇ ಕಾಲಿನ ಮೇಲೆ ನಿಂತ ರಾಜ್ಯದ ಬಗ್ಗೆ ನಮಗೆ ಪಾಠ ಹೇಳಿದವರು. ಆ ಕಾಲಿಗೇ ನಾನೂ ಜೋತು ಬೀಳಲೇ? ನಿಮ್ಮ ಕೈಬರಹದಲ್ಲಿ ಸ್ಪಷ್ಟವಾಗಿ ಬರೆದು ತಿಳಿಸಿ: ಸಹಿ ಹಾಕಬೇಕೋ, ಬೇಡವೋ. ಅಪ್ಪ ನನ್ನ ಮಾತು ಕೇಳುವುದಿಲ್ಲ. ನಿಮ್ಮ ಮಾತು ಕೇಳುತ್ತಾರೆ.

ನಿಮ್ಮ ಶಿಷ್ಯ,
ವಿಸಾಮ್

*

ಬಗ್ದಾದ್
೧೨ ಏಪ್ರಿಲ್ ೨೦೧೯

ಪ್ರಿಯ ವಿಸಾಮ್,

ನಿನ್ನ ಅನುಮಾನವನ್ನು ಮೆಚ್ಚುತ್ತೇನೆ. ಶಿಷ್ಯ ಗುರುವನ್ನು ಗುರುವಿನ ಮಾತಿನಿಂದಲೇ ಕಟ್ಟಿಹಾಕುವುದಕ್ಕಿಂತ ಸಂತೋಷದ ವಿಷಯ ಮೇಷ್ಟರಿಗೆ ಬೇರೊಂದಿಲ್ಲ. ಆದರೆ ಕೇಳು. ನಾವು ಪ್ರತಿ ವರ್ಷ ಬಜೆಟ್ಟಿನಲ್ಲಿ ಒಂದು ಬ್ಯಾರಲ್ ತೈಲದ ಬೆಲೆಯನ್ನು ಊಹಿಸಿ ಬರೆಯುತ್ತೇವೆ; ಶಾಲೆ, ಆಸ್ಪತ್ರೆ, ಸಂಬಳ ಎಲ್ಲವೂ ಆ ಒಂದು ಊಹೆಯ ಮೇಲೆ ನಿಂತಿವೆ. ಈ ಸಲದ ಊಹೆ ಮಾರುಕಟ್ಟೆಗಿಂತ ಕೆಳಗಿದೆ. ಅಂದರೆ ನಾವು ಎಚ್ಚರದಿಂದಿದ್ದೇವೆ. ಉಳಿದ ಹಣವನ್ನು ಮುಂದಿನ ಪೀಳಿಗೆಗೆ ಕೂಡಿಡುವ ನಿಧಿಯ ಕರಡೂ ನನ್ನ ಮೇಜಿನ ಮೇಲಿದೆ. ಎರಡನೆಯ ಕಾಲು ಮೂಡಬೇಕಾದರೆ ಮೊದಲನೆಯದರ ಬಲ ಬೇಕು, ಮಗು.

ನಿನ್ನ ತಂದೆಗೆ ಈ ಸಾಲನ್ನು ಓದಿ ಹೇಳು: ಹಾಜಿ, ಸಹಿ ಹಾಕಿ. ರಾಜ್ಯ ಕೊಟ್ಟ ಮಾತಿಗೆ ನಾನು ಸಾಕ್ಷಿ.

ರುವೈದಾಳ ಮದುವೆಯೂಟಕ್ಕೆ ನಾನು ಬರುತ್ತೇನೆ. ನದಿಯ ಮೀನು ಸುಡುವವರನ್ನು ಈಗಲೇ ಗೊತ್ತುಮಾಡಿ ಇಡು.

ನಾಜಿ

*

ಅಬುಲ್ ಖಸೀಬ್
೨ ಡಿಸೆಂಬರ್ ೨೦೧೯

ಮಾನ್ಯ ಉಸ್ತಾದ್,

ಪ್ರತಿಭಟನೆಗಳು ಶುರುವಾದ ಮೇಲೆ ಸರ್ಕಾರ ಸಂಪರ್ಕವೆಲ್ಲ ಕಡಿದಿದ್ದರಿಂದ ನಿಮ್ಮ ಕ್ಷೇಮ ತಿಳಿಯಲಿಲ್ಲ. ಬಗ್ದಾದಿನ ಚೌಕದಲ್ಲಿ ನಡೆದದ್ದನ್ನೆಲ್ಲ ಇಲ್ಲಿ ಕೇಳಿದೆವು. ಅಲ್ಲಿನವರು ಇಲ್ಲಿಯದನ್ನೂ ಕೇಳಿರಬಹುದು.

ಅಪ್ಪ ಜೂನ್ ತಿಂಗಳಲ್ಲಿ ಸಹಿ ಹಾಕಿದರು. ನಿಮ್ಮ ಪತ್ರವನ್ನು ಮೂರು ಸಲ ಓದಿಸಿಕೊಂಡರು. ಕೊನೆಯ ಗೊನೆ ಇಳಿಸುವವರೆಗೆ ಕಾಯಿರೆಂದು ಕೇಳಿಕೊಂಡೆವು, ಕಾದರು. ಆಮೇಲೆ ಯಂತ್ರಗಳು ಬಂದವು. ಅಪ್ಪ ಆ ದಿನ ಮಸೀದಿಯಲ್ಲಿ ಕುಳಿತಿದ್ದರು. ಮರಗಳು ಬೀಳುವ ಸದ್ದು ಅಲ್ಲಿಗೂ ಕೇಳುತ್ತಿತ್ತು.

ನೇಮಕದ ಪತ್ರ ಬಂದಿದೆ. ಮುದ್ರೆಯಿದೆ, ಸಂಖ್ಯೆಯಿದೆ. ಅಮ್ಮ ಹರ್ಷದ ಕೂಗು ಹಾಕಿದಳು, ಹಾಜಿ ಲಫ್ತಾ ಇಡೀ ದಂಡೆಗೆ ಸಿಹಿ ಹಂಚಿದರು. ಕೊನೆಯ ಸಾಲು ಹೀಗಿದೆ: “ಮುಂದಿನ ಬಜೆಟ್ ಅಂಗೀಕಾರವಾದ ನಂತರ ಕೆಲಸಕ್ಕೆ ಹಾಜರಾಗತಕ್ಕದ್ದು.” ಆ ಬಜೆಟ್ ಯಾವಾಗ ಎಂದು ಕೇಳಲು ನಾವು ಕೆಲವರು ತೈಲ ಕಂಪನಿಯ ದ್ವಾರದ ಎದುರು ಡೇರೆ ಹಾಕಿ ಕುಳಿತೆವು. ಉತ್ತರ ಕೊಟ್ಟರು.

ಅಕ್ಷರ ಓರೆಯಾಗಿದ್ದರೆ ಕ್ಷಮಿಸಿ.

ವಿಸಾಮ್

*

ಬಗ್ದಾದ್
೧೦ ಜನವರಿ ೨೦೨೦

ಪ್ರಿಯ ವಿಸಾಮ್,

ನಿನ್ನ ಪತ್ರ ಬಂತು. ನಿಜ ಹೇಳುತ್ತೇನೆ, ಅಕ್ಷರಗಳನ್ನು ನೋಡಿ ನೊಂದೆ. ತರಗತಿಯಲ್ಲಿ ನಿನ್ನ ಬರಹ ಎಲ್ಲರಿಗಿಂತ ಸುಂದರವಾಗಿತ್ತು. ಸಿಟ್ಟಿನಲ್ಲಿ ಬರೆಯಬಾರದು, ಸಿಟ್ಟು ಮೊದಲು ಅಕ್ಷರವನ್ನು, ಆಮೇಲೆ ಯೋಚನೆಯನ್ನು ಕೆಡಿಸುತ್ತದೆ. ಮರಗಳ ದುಃಖ ನನಗೆ ಅರ್ಥವಾಗುತ್ತದೆ. ಆದರೆ ದ್ವಾರದ ಎದುರಿನ ಡೇರೆ ನಿನ್ನಂಥ ವಿದ್ಯಾವಂತನ ಜಾಗವಲ್ಲ. ಅಲ್ಲಿ ಒಬ್ಬ ಕಲ್ಲೆಸೆದರೂ ಎಲ್ಲರ ನೇಮಕವೂ ಕಡತದ ತಳ ಸೇರುತ್ತದೆ.

ಸರ್ಕಾರ ಬದಲಾಗುವ ಹೊತ್ತು, ಆದ್ದರಿಂದ ಬಜೆಟ್ ತಡವಾಗಿದೆ, ಅಷ್ಟೆ. ಊಹೆಯ ಬೆಲೆ ಈಗಲೂ ಸುರಕ್ಷಿತ. ಅಂಗಳದ ಮರ ಕಳೆದ ವರ್ಷ ಬಿಟ್ಟ ಹಣ್ಣನ್ನು ಸಮಿತಿಯವರಿಗೆಲ್ಲ ಹಂಚಿದ್ದೆ. ಇದು ನನ್ನ ಶಿಷ್ಯನ ಪರಾಗದ್ದು ಎಂದು ಹೇಳಿದ್ದೆ. ಫೆಬ್ರವರಿಗೆ ಪುಡಿ ಕಳಿಸುವುದನ್ನು ಮರೆಯಬೇಡ.

ನಾಜಿ

*

ಬಗ್ದಾದ್
೫ ಮೇ ೨೦೨೦

ಪ್ರಿಯ ವಿಸಾಮ್,

ರಸ್ತೆಗಳು ಮುಚ್ಚಿವೆ, ರೋಗದ ಭಯ, ಅಬೂ ಸಜ್ಜಾದನ ಕಾರು ನಿಂತಿದೆ. ಪರಾಗ ಬರಲಿಲ್ಲ. ಹೂಗೊನೆಗಳು ತೆರೆದು ಕಾದವು. ಈಗ ಪೀಚು ಕಟ್ಟಿವೆ. ನೀನು ಉತ್ತರಿಸದಿರುವುದಕ್ಕೂ ರಸ್ತೆಯೇ ಕಾರಣವೆಂದು ನಂಬಿಕೊಂಡಿದ್ದೇನೆ.

ತೈಲದ ಬೆಲೆ ಏನಾಯಿತೆಂದು ನೀನು ಬಲ್ಲೆ. ನಾವು ಊಹಿಸಿದ್ದರ ಅರ್ಧಕ್ಕೂ ಅದು ನಿಲ್ಲಲಿಲ್ಲ. ಸಮಿತಿಯಲ್ಲಿ ಎಲ್ಲರೂ ತಲೆಯ ಮೇಲೆ ಕೈಹೊತ್ತು ಕುಳಿತಾಗ ಮಾತನಾಡಿದವನು ನಾನೊಬ್ಬನೇ. ಈಗ ಇರುವ ಸಂಬಳಗಳಿಗೇ ಬೊಕ್ಕಸ ಸಾಲದಿರುವಾಗ ಹೊಸ ಸಂಬಳಗಳನ್ನು ಹುಟ್ಟಿಸುವುದು ಎಲ್ಲರನ್ನೂ ಮುಳುಗಿಸಿದಂತೆ ಎಂದು ವಾದಿಸಿದೆ. ಒಪ್ಪಿದರು. ಕೆಲಸಕ್ಕೆ ಇನ್ನೂ ಹಾಜರಾಗದ ನೇಮಕಗಳಿಗೆಲ್ಲ ತಡೆ ಎಂಬ ಶಿಫಾರಸಿನ ಕೆಳಗೆ ನನ್ನ ಸಹಿಯೂ ಇದೆ. ಇದನ್ನು ನೀನು ಬೇರೆಯವರಿಂದ ಕೇಳಬಾರದೆಂದು ಬರೆಯುತ್ತಿದ್ದೇನೆ.

ಇದು ಸರಿಯಾದ ಕ್ರಮ ವಿಸಾಮ್. ನಿನ್ನ ಹೆಸರನ್ನು ಬದಿಗಿಟ್ಟು ನೋಡಿದರೆ ನೀನೂ ಇದನ್ನೇ ಹೇಳುತ್ತೀಯೆ. ಪರೀಕ್ಷೆಯಲ್ಲಿ ನೀನು ಬರೆದ ಉತ್ತರವೂ ಇದೇ ಆಗಿತ್ತು. ತಡೆ ತಾತ್ಕಾಲಿಕ. ಬೆಲೆ ಏರಿದೊಡನೆ ತೆರವಾಗುತ್ತದೆ.

ನನ್ನ ಬಗ್ಗೆ ಚಿಂತೆ ಬೇಡ. ಚೆನ್ನಾಗಿದ್ದೇನೆ. ಪುಸ್ತಕದ ಕಪಾಟುಗಳನ್ನು ಸ್ವಲ್ಪ ಹಗುರ ಮಾಡಿದ್ದೇನೆ, ಧೂಳು ಕಡಿಮೆಯಾಯಿತು.

ನಾಜಿ

*

ಅಬುಲ್ ಖಸೀಬ್
೧೮ ಅಕ್ಟೋಬರ್ ೨೦೨೦

ಮಾನ್ಯ ಉಸ್ತಾದ್,

ನಿಮ್ಮ ಎರಡು ಪತ್ರಗಳೂ ಒಟ್ಟಿಗೆ ಕೈಸೇರಿದವು. ಅಬೂ ಸಜ್ಜಾದ್ ಚಹಾ ಕುಡಿಯುತ್ತ ಹೇಳಿದ: “ನಿನ್ನ ಉಸ್ತಾದ್ ಶುಕ್ರವಾರ ಶುಕ್ರವಾರ ಪುಸ್ತಕದ ಬೀದೀಲಿ ಚಾಪೆ ಹಾಸ್ಕೊಂಡು ಕೂತಿರ್ತಾರೆ ಕಣೋ. ಸಂಬಳ ಆಗಿಲ್ಲ ಅಂತ ಕಾಣುತ್ತೆ. ನನ್ನ ನೋಡಿ ಮುಖ ತಿರುಗಿಸ್ಕೊಂಡ್ರು. ನಾನೂ ನೋಡ್ದಂಗೆ ಹೋದೆ.” ನೀವು ಧೂಳೆಂದು ಬರೆದಿರಿ. ನಾನೂ ಅಷ್ಟೇ, ಅಕ್ಷರ ಓರೆಯೆಂದು ಬರೆದೆ. ಅದು ಸಿಟ್ಟಿನ ಬರಹವಲ್ಲ ಉಸ್ತಾದ್, ಎಡಗೈಯದು. ದ್ವಾರದ ಎದುರು ಹಾರಿಸಿದ ಅಶ್ರುವಾಯುವಿನ ಗುಂಡೊಂದು ನನ್ನ ಬಲಗೈಗೆ ಬಡಿಯಿತು. ಮೂರು ಬೆರಳುಗಳು ಮಡಚುವುದಿಲ್ಲ. ಕಲ್ಲನ್ನು ಯಾರೂ ಎಸೆದಿರಲಿಲ್ಲ.

ತಡೆಯ ಸುದ್ದಿಯನ್ನು ನಾನು ಡೇರೆಯಲ್ಲಿ ಓದಿದೆ. ನೀವು ಹೇಳಿದ್ದು ನಿಜ. ಪರೀಕ್ಷೆಯಲ್ಲಿ ನಾನು ಬರೆದ ಉತ್ತರ ಅದೇ. ಪೂರ್ತಿ ಅಂಕ ಕೊಟ್ಟಿದ್ದಿರಿ.

ರುವೈದಾಳ ಮದುವೆ ಆಗಸ್ಟಿನಲ್ಲಿ ಆಯಿತು, ಬಂದರಿನ ಕಚೇರಿಯ ಒಬ್ಬ ಗುಮಾಸ್ತನೊಂದಿಗೆ. ಅವನಿಗೂ ಸಂಬಳ ಬಂದು ಬಹಳ ದಿನಗಳಾಗಿವೆ. ಹಾಜಿ ಲಫ್ತಾ ನನ್ನನ್ನು ಬೀದಿಯಲ್ಲಿ ತಬ್ಬಿಕೊಂಡು, “ಬೇಜಾರ್ ಮಾಡ್ಕೋಬೇಡ ಮಗಾ. ಅವನ ಸಂಬಳ ತಡ ಆಗಿದೆ. ನಿಂದು ಇನ್ನೂ ಹುಟ್ಟೇ ಇಲ್ಲ,” ಎಂದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ, ಅದೇ ಕಷ್ಟವಾಯಿತು.

ತೊಟ್ಟಿಗಳೂ ಬರಲಿಲ್ಲ. ಅವುಗಳಿಗೂ ಹಣವಿಲ್ಲವಂತೆ. ತೋಟವಿದ್ದಲ್ಲಿ ಬೇಲಿ ಇದೆ, ಬೇಲಿಯೊಳಗೆ ಬುಡಗಳಿವೆ, ಬುಡಗಳ ಮೇಲೆ ಉಪ್ಪು. ಗಂಡುಮರ ಮಾತ್ರ ನಿಂತಿದೆ. ಯಂತ್ರದವನು ಸಂಖ್ಯೆ ಇದ್ದ ಮರಗಳನ್ನಷ್ಟೇ ಉರುಳಿಸಿ ಹೋದ. ಪಟ್ಟಿಯಲ್ಲಿ ಇಲ್ಲದ್ದನ್ನು ಕಡಿಯಲು ಅವನಿಗೆ ಆದೇಶವಿರಲಿಲ್ಲ. ಈ ವಸಂತದಲ್ಲೂ ಅದು ಹೂಬಿಟ್ಟಿತು. ಇಡೀ ಬಯಲಿನ ಮೇಲೆ ಪುಡಿ ಹಾರಿತು. ರಸ್ತೆ ಮುಚ್ಚುವ ಮೊದಲೇ ಕಳಿಸಬಹುದಿತ್ತು. ಕಟ್ಟಲು ಮನಸ್ಸಾಗಲಿಲ್ಲ.

ಅಪ್ಪ ಒಂದು ದಿನ ಮರ ಹತ್ತುವ ನಡುಪಟ್ಟಿ ಹೆಗಲಿಗೆ ಹಾಕಿಕೊಂಡು ಡೇರೆಗೇ ಬಂದರು. ಕಾವಲಿನವನು ತಡೆದ. “ಹಾಜಿ, ಎಲ್ಲಿಗೆ ಇದನ್ನ ಹೊತ್ಕೊಂಡು?” ಅಪ್ಪ ಒಳಗೆ ಉರಿಯುತ್ತಿದ್ದ ಅನಿಲದ ಕೊಳವೆಗಂಬವನ್ನು ತೋರಿಸಿದರು. “ನೀವು ಉಳಿಸಿರೋ ಮರ ಅದೊಂದೇ ಅಲ್ವೇನಪ್ಪ. ಹತ್ತಿ ನೋಡ್ತೀನಿ, ಏನಾದ್ರೂ ಕಾಯಿ ಬಿಟ್ಟಿದ್ಯಾ ಅಂತ.” ಡೇರೆಯವರೆಲ್ಲ ನಕ್ಕರು, ಕಾವಲಿನವನೂ ನಕ್ಕ. ಅವನಿಗೂ ಸಂಬಳವಾಗಿರಲಿಲ್ಲ.

ವಿಸಾಮ್

*

ಬಗ್ದಾದ್
೨೦ ಫೆಬ್ರವರಿ ೨೦೨೧

ಪ್ರಿಯ ವಿಸಾಮ್,

ನಿನ್ನ ಕೈಯ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಕರ್ರಾದಾದಲ್ಲಿ ನನಗೆ ಪರಿಚಯದ ಮೂಳೆವೈದ್ಯರೊಬ್ಬರಿದ್ದಾರೆ. ನನ್ನ ಮನೆಯಲ್ಲೇ ಉಳಿದುಕೊಂಡು ತೋರಿಸಬಹುದು. ಈ ಉತ್ತರವನ್ನು ಹಲವು ಸಲ ಬರೆದು ಹರಿದಿದ್ದೇನೆ. ಹರಿದ ಹಾಳೆಗಳಲ್ಲಿ ಇದ್ದದ್ದು ನಿನಗೆ ಉಪಯೋಗಕ್ಕೆ ಬರುವಂಥದ್ದಲ್ಲ. ಉಪಯೋಗಕ್ಕೆ ಬರುವುದನ್ನು ಬರೆಯುತ್ತೇನೆ.

ಬೆಲೆ ಏರುತ್ತಿದೆ. ದೀನಾರಿನ ಮೌಲ್ಯ ಇಳಿಸಿದ್ದು ಜನರಿಗೆ ಕಹಿಯಾದರೂ ಬೊಕ್ಕಸ ಉಸಿರಾಡುತ್ತಿದೆ. ನನ್ನನ್ನು ಹೊಸ ಸಮಿತಿಗೆ ಕರೆದಿದ್ದಾರೆ. ತೊಟ್ಟಿಗಳ ಯೋಜನೆಯನ್ನು ಮತ್ತೆ ಕೈಗೆತ್ತಿಕೊಳ್ಳಲಾಗುತ್ತದೆ, ಅದೂ ವಿಸ್ತಾರವಾಗಿ. ಕಾಲುವೆಯ ಆಚೆ ದಂಡೆಯ ತೋಟಗಳೂ ಬೇಕಾಗುತ್ತವೆ. ಮನೆಗೊಂದು ನೇಮಕದ ಅಂಶವನ್ನು ಈ ಬಾರಿ ಇನ್ನಷ್ಟು ಗಟ್ಟಿಯಾಗಿ ಬರೆದಿದ್ದೇನೆ. ಮೊದಲ ದಂಡೆಯವರ ತಡೆ ತೆರವಾಗುವುದೂ ಇದರೊಂದಿಗೇ. ಎರಡನ್ನೂ ಒಂದೇ ಕಡತಕ್ಕೆ ಸೇರಿಸಿಬಿಟ್ಟೆ. ಆಚೆಯವರು ಸಹಿ ಹಾಕಿದ ದಿನ ನಿನ್ನ ಕಡತವೂ ಚಲಿಸುತ್ತದೆ.

ಅವರು ಹಿಂಜರಿಯುತ್ತಿದ್ದಾರಂತೆ. ನಿನ್ನ ಮಾತಿಗೆ ಅಲ್ಲಿ ತೂಕವಿದೆ. ಮನೆಮನೆಗೆ ಹೋಗಿ ವಿವರಿಸು. ಹೇರಬೇಡ, ತಿಳಿಸಿ ಹೇಳು. ನನ್ನ ಮೇಲಿನ ಸಿಟ್ಟು ನಿನ್ನ ಭವಿಷ್ಯಕ್ಕೆ ಅಡ್ಡ ಬರದಿರಲಿ. ನಾನು ಈಗಲೂ ನಂಬುತ್ತೇನೆ ವಿಸಾಮ್. ನಂಬದೆ ಪಾಠ ಹೇಳುವುದು ನನಗೆ ಬರುವುದಿಲ್ಲ.

ಹೋದ ವರ್ಷದ ಪೀಚುಗಳನ್ನು ಕಿತ್ತು ಹಾಕಿದೆ. ಮರ ಈಗ ಮತ್ತೆ ಹೂಗೊನೆ ತೆಗೆದಿದೆ. ಕೇಳುವ ಹಕ್ಕು ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ನಿನ್ನ,
ನಾಜಿ

*

ಅಬುಲ್ ಖಸೀಬ್
೧೪ ಮಾರ್ಚ್ ೨೦೨೧

ಮಾನ್ಯ ಉಸ್ತಾದ್,

ನೀವು ಹೇಳಿದಂತೆ ಮನೆಮನೆಗೆ ಹೋದೆ. ಹೇಗೂ ಹೋಗಬೇಕಿತ್ತು, ಅಪ್ಪ ಈಗ ಆಚೆ ದಂಡೆಯ ತೋಟಗಳಲ್ಲಿ ಫಸಲಿನ ಪಾಲಿಗೆ ಮರ ಹತ್ತುತ್ತಾರೆ, ನಾನು ಕೆಳಗೆ ನಿಂತು ನಮ್ಮ ಗಂಡುಮರದ ಹೂವಿನ ಎಳೆಗಳನ್ನು ಬುಟ್ಟಿಯಲ್ಲಿಟ್ಟು ಹಗ್ಗದಲ್ಲಿ ಮೇಲೆ ಕಳಿಸುತ್ತೇನೆ. ಅಷ್ಟಕ್ಕೆ ಎಡಗೈ ಸಾಕು.

ಹಾಜಿ ಲಫ್ತಾರ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ನಿಮ್ಮ ಪತ್ರವನ್ನು ಪೂರ್ತಿ ಓದಿದೆ, ನನ್ನ ಕಡತದ ಸಾಲನ್ನೂ ಬಿಡಲಿಲ್ಲ. ಹಾಜಿ ಕೇಳಿದರು: “ನಿಮ್ಮ ಉಸ್ತಾದ್ ಎಂಥಾ ಮನುಷ್ಯ, ಮಗಾ? ಸುಳ್ಳು ಹೇಳೋನಾ?”

“ಇಲ್ಲ ಹಾಜಿ. ಜೀವಮಾನದಲ್ಲಿ ಸುಳ್ಳು ಹೇಳ್ದೋರಲ್ಲ. ಅವರ ಮನೆ ಕಪಾಟು ಖಾಲಿಯಾಗಿದೆ, ಒಂದು ಕಾಸು ತಿಂದಿಲ್ಲ. ನನ್ನ ಮೇಲೆ ಪ್ರಾಣ ಇಟ್ಕೊಂಡಿದಾರೆ.”

“ಹಂಗಾದ್ರೆ ಸಹಿ ಹಾಕೋದಾ?”

“ಹಾಕ್ಬೇಡಿ. ಸುಳ್ಳು ಹೇಳೋರಾಗಿದ್ರೆ ಹಿಡೀಬಹುದು, ಜಗಳ ಆಡಬಹುದು. ಇವರು ನಂಬಿ ಹೇಳ್ತಾರೆ. ನಮ್ಮ ತೋಟ ಹಂಗೇ ಹೋಗಿದ್ದು.”

ಆಗ ಹಾಜಿಯ ಕಿರಿಯ ಮಗ, ಹೋದ ವರ್ಷ ಪದವಿ ಮುಗಿಸಿದವನು, ಎದ್ದು ನಿಂತ. “ವಿಸಾಮಣ್ಣ, ನಿಮ್ಮ ಗ್ರಹಚಾರ, ಬೆಲೆ ಬಿದ್ದಾಗ ಸಿಕ್ಕಾಕೊಂಡ್ರಿ. ಈಗ ಏರ್ತಾ ಇದೆ. ನಂಗೂ ಮದುವೆ ಆಗ್ಬೇಕಲ್ಲ?” ಎಂದ. ಎಲ್ಲರೂ ನಕ್ಕರು. ಆ ನಗುವಿನಲ್ಲೇ ತೀರ್ಮಾನವಾಗಿಹೋಯಿತು. ಈ ವಾರ ಎಲ್ಲರೂ ಸಹಿ ಹಾಕಿದ್ದಾರೆ. ನಿನ್ನೆ ಕೆಂಪು ಬಣ್ಣದ ಡಬ್ಬಿ ಬಂತು. ಅಪ್ಪ ಮೇಲಿದ್ದ ಮರಕ್ಕೂ, ಅವರು ಇಳಿಯುವ ಮೊದಲೇ, ಸಂಖ್ಯೆ ಬಳಿದರು.

ನನ್ನ ಕಡತ ಚಲಿಸಿತಂತೆ. ಅಭಿನಂದನೆ ಹೇಳಲು ಯಾರೋ ಫೋನು ಮಾಡಿದ್ದರು. ವೈದ್ಯರ ತಪಾಸಣೆಯಲ್ಲಿ ಎರಡೂ ಕೈ ಸರಿಯಿರಬೇಕೆಂಬ ನಿಯಮವಿದೆಯೆಂದೂ ಅವರೇ ಹೇಳಿದರು.

ಅಬೂ ಸಜ್ಜಾದನ ಕೈಯಲ್ಲಿ ಪರಾಗ ಕಳಿಸುತ್ತಿದ್ದೇನೆ. ಅಮ್ಮ ಕಟ್ಟಿಕೊಟ್ಟಿದ್ದಾಳೆ. ಈ ಸಲ ಗಂಟು ದೊಡ್ಡದಿದೆ. ಮುಂದಿನ ವರ್ಷ, ಆಚೆ ದಂಡೆಯೂ ಬಯಲಾದ ಮೇಲೆ, ಇನ್ನೂ ದೊಡ್ಡದಿರುತ್ತದೆ. ನಿಮ್ಮ ಮರಕ್ಕೆ ಬೇಕಾದಷ್ಟನ್ನು ಹಾಕಿ, ಉಳಿದದ್ದನ್ನು ನೆರೆಯವರಿಗೆ ಹಂಚಿ. ಇಲ್ಲಿ ಇಟ್ಟುಕೊಂಡು ನಾವು ಮಾಡುವುದೇನೂ ಇಲ್ಲ.

ವಿಸಾಮ್